ಕೊಟೇಶನ್ ಹಾಳೆ ಓದಿ ಕಾರು ಕೊಂಡದ್ದು: ಮಂಡ್ಯ–ಮೈಸೂರಿನ ಶೋರೂಮುಗಳಲ್ಲಿ ನನ್ನ ಅನುಭವ

ಕಾರು ಮಾರುವವರ ಪ್ರಾಮಾಣಿಕತೆಯನ್ನು ನಾನು ಅಳೆಯುವುದು ಅವರು ಕೊಡುವ ಕೊಟೇಶನ್ ಹಾಳೆಯನ್ನು ನೋಡಿ. ಮಂಡ್ಯದ ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಬಿಲ್ಲು, ವೋಚರು, ಬಡ್ಡಿಯ ಪಟ್ಟಿ ಇವೆಲ್ಲ ದಿನನಿತ್ಯದ ಕೆಲಸವಾದ್ದರಿಂದ, ನಮ್ಮ ಮನೆಗಷ್ಟೇ ಅಲ್ಲದೆ ನಂಟರಿಗೂ ಸಹೋದ್ಯೋಗಿಗಳಿಗೂ ಕಾರು ಕೊಡಿಸುವ ಹೊಣೆ ನನ್ನ ತಲೆಗೇ ಬರುತ್ತದೆ. 2024ರ ಆಷಾಢದಲ್ಲಿ ನಾಲ್ಕು ಮೀಟರಿನೊಳಗಿನ, 1197 ಸಿಸಿಯ ಒಂದು ಪೆಟ್ರೋಲ್ ಕಾರನ್ನು ನಮ್ಮ ಮನೆಗೇ ಕೊಂಡೆ. ಒಂದೇ ಕಂಪನಿಯ, ಒಂದೇ ಮಾದರಿಯ ಆ ಕಾರನ್ನು ಎರಡು ಕಡೆ ವಿಚಾರಿಸಿದಾಗ ಕಂಡ ವ್ಯತ್ಯಾಸವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಆಷಾಢವನ್ನು ಆರಿಸಿಕೊಂಡದ್ದು ಬೇಕೆಂದೇ. ನಮ್ಮ ಕಡೆ ಆ ತಿಂಗಳಲ್ಲಿ ಹೊಸ ವಾಹನವನ್ನು ಮನೆಗೆ ತರುವವರು ಕಡಿಮೆ. ಆಷಾಢ ಶುಕ್ರವಾರಗಳಲ್ಲಿ ಮೈಸೂರಿನ ಜನ ಚಾಮುಂಡಿ ಬೆಟ್ಟದ ಸಾಲಿನಲ್ಲಿರುತ್ತಾರೆ, ಹುಣಸೂರು ರಸ್ತೆಯ ಶೋರೂಮುಗಳು ಖಾಲಿ ಹೊಡೆಯುತ್ತಿರುತ್ತವೆ. ಅದೇ ದಸರೆಯ ಹೊತ್ತಿಗೆ ಹೋದರೆ, ಆಯುಧಪೂಜೆಯ ದಿನ ಬಾಗಿಲ ಮುಂದೆ ಕಾರು ನಿಲ್ಲಬೇಕೆಂಬ ಆತುರದಲ್ಲಿರುವ ಗಿರಾಕಿಗೆ ಯಾರೂ ರಿಯಾಯಿತಿ ಕೊಡಬೇಕಾದ ಅಗತ್ಯವಿರುವುದಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ರಿಯಾಯಿತಿ ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ ಇನ್‌ವಾಯ್ಸ್ (ಮಾರಾಟದ ಬಿಲ್ಲು) ಆದ ದಿನಕ್ಕೆ, ಬುಕಿಂಗ್ ಮಾಡಿದ ದಿನಕ್ಕಲ್ಲ. ಆಷಾಢದಲ್ಲಿ ಬುಕಿಂಗ್ ಮಾಡಿಸಿಕೊಂಡು, ಶ್ರಾವಣದಲ್ಲಿ ಇನ್‌ವಾಯ್ಸ್ ಹಾಕುವಾಗ ‘ಆ ಆಫರ್ ಮುಗಿದುಹೋಯಿತು ಸಾರ್’ ಎನ್ನುವುದು ಹಳೆಯ ವರಸೆ. ಆದ್ದರಿಂದ ತಿಂಗಳೊಳಗೆ ಇನ್‌ವಾಯ್ಸ್ ಮಾಡಿಸಿ, ಭೀಮನ ಅಮಾವಾಸ್ಯೆ ಕಳೆದ ಮೇಲೆ ಕಾರು ತರುವುದೆಂದು ನಮ್ಮ ಅತ್ತೆಯವರನ್ನು ಒಪ್ಪಿಸಿದ್ದೆ. ಶಾಸ್ತ್ರವೂ ಉಳಿಯಿತು, ರಿಯಾಯಿತಿಯೂ ಉಳಿಯಿತು.

ಮೊದಲು ಹೋದದ್ದು ದೊಡ್ಡ ಗಾಜಿನ ಶೋರೂಮಿಗೆ. ಅಲ್ಲಿ ಕಾಫಿ ಬಂತು, ಟೆಸ್ಟ್ ಡ್ರೈವ್‌ಗೆ ರಿಂಗ್ ರಸ್ತೆಯಲ್ಲಿ ಬೇಕಾದಷ್ಟು ದೂರ ಓಡಿಸಲು ಬಿಟ್ಟರು, ‘ನಲವತ್ತು ಸಾವಿರ ಬಿಟ್ಟಿದ್ದೀವಿ ಸಾರ್, ಇನ್ನೇನು ಯೋಚನೆ ಮಾಡ್ತೀರಾ’ ಎಂದು ಸೇಲ್ಸ್‌ನ ಹುಡುಗ ನಗುನಗುತ್ತಾ ಹೇಳಿದ. ವಿಂಗಡಿಸಿದ ಕೊಟೇಶನ್ ಕೊಡಿ ಎಂದಾಗ ಆತ ಕೊಟ್ಟದ್ದು ಕಾರಿನ ಬಣ್ಣದ ಕರಪತ್ರದ ಹಿಂಬದಿಯಲ್ಲಿ ಪೆನ್ನಿನಿಂದ ಗೀಚಿದ ಒಂದೇ ಮೊತ್ತವನ್ನು. ಸೀಲು ಹಾಕಿದ ಹಾಳೆಯೇ ಬೇಕೆಂದು ಕೂತ ಮೇಲೆ ಬಂದ ಲೆಕ್ಕ ಹೀಗಿತ್ತು: ಎಕ್ಸ್ ಶೋರೂಮ್ ಬೆಲೆ (ವಾಹನ ತೆರಿಗೆ, ನೋಂದಣಿ, ವಿಮೆ ಸೇರುವ ಮೊದಲಿನ ಬೆಲೆ) 8,40,000, ರಿಯಾಯಿತಿ 40,000, ‘ಆರ್‌ಟಿಓ’ 1,52,000, ವಿಮೆ 58,000, ‘ಹ್ಯಾಂಡ್ಲಿಂಗ್’ 9,500, ‘ಎಸೆನ್ಷಿಯಲ್ ಕಿಟ್’ (ಬಿಡಿ ಸಾಮಾನುಗಳ ಕಟ್ಟು) 28,000. ಒಟ್ಟು 10,47,500 ರೂಪಾಯಿ.

ಎರಡನೆಯದು ಅಷ್ಟೇನೂ ಥಳಕಿಲ್ಲದ ಜಾಗ. ಅಲ್ಲಿನ ಹಿರಿಯ ಸೇಲ್ಸ್‌ನವರು ಮಾತಿನಲ್ಲಿ ಸ್ವಲ್ಪ ಒರಟು, ಕಾಯಿಸಿದ್ದೂ ಹೆಚ್ಚು. ಆದರೆ ಕೇಳಿದ ಕೂಡಲೇ ಕಂಪ್ಯೂಟರಿನಿಂದ ಒಂದು ಹಾಳೆ ತೆಗೆದು ಸಹಿ ಹಾಕಿ ಮುಂದಿಟ್ಟರು. ರಿಯಾಯಿತಿ 25,000 ಮಾತ್ರ, ತೆರಿಗೆ ಮತ್ತು ನೋಂದಣಿ 1,32,800, ವಿಮೆ 43,000, ಹ್ಯಾಂಡ್ಲಿಂಗ್ ಇಲ್ಲ, ಕಿಟ್ ಇಲ್ಲ. ಒಟ್ಟು 9,90,800. ನಲವತ್ತು ಸಾವಿರ ಬಿಟ್ಟವರಿಗಿಂತ ಇಪ್ಪತ್ತೈದು ಸಾವಿರ ಬಿಟ್ಟವರ ಬೆಲೆ ಐವತ್ತಾರು ಸಾವಿರಕ್ಕೂ ಮೀರಿ ಕಡಿಮೆಯಾಗಿತ್ತು. ಗಿರಾಕಿಗಳು ಚೌಕಾಸಿ ಮಾಡುವುದು ರಿಯಾಯಿತಿಯ ಸಾಲಿನಲ್ಲಿ; ಡೀಲರುಗಳು ದುಡ್ಡು ಮಾಡಿಕೊಳ್ಳುವುದು ಅದರ ಕೆಳಗಿನ ಸಾಲುಗಳಲ್ಲಿ. ಅದಕ್ಕೆ ಕಾರಣವೂ ಇದೆ. ಹೊಸ ಕಾರಿನ ಮಾರಾಟದಲ್ಲಿ ಡೀಲರಿಗೆ ಉಳಿಯುವುದು ಸ್ವಲ್ಪ. ವಿಮೆಯ ಕಮಿಷನ್, ಸಾಲ ಕೊಡಿಸಿದ್ದಕ್ಕೆ ಬ್ಯಾಂಕಿನಿಂದ ಬರುವ ಹಣ, ಬಿಡಿ ಅಲಂಕಾರದ ಸಾಮಾನು, ಸರ್ವೀಸು ಇವುಗಳಿಂದಲೇ ಅಂಗಡಿ ನಡೆಯಬೇಕು. ಸೇಲ್ಸ್‌ನ ಹುಡುಗನಿಗೂ ಇಷ್ಟು ಪಾಲಿಸಿ ಮಾಡಿಸಬೇಕು, ಇಷ್ಟು ಕಿಟ್ ಮಾರಬೇಕು ಎಂಬ ಗುರಿ ಇರುತ್ತದೆ. ಅವನ ಮೇಲೆ ಕೋಪಿಸಿಕೊಂಡು ಪ್ರಯೋಜನವಿಲ್ಲ.

ಕೆಳಗಿನ ಸಾಲುಗಳಲ್ಲಿ ಪರಿಶೀಲಿಸಲು ಅತ್ಯಂತ ಸುಲಭವಾದದ್ದು ತೆರಿಗೆ. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ ಐದು ಲಕ್ಷದವರೆಗೆ ಶೇಕಡಾ 13, ಐದರಿಂದ ಹತ್ತು ಲಕ್ಷದವರೆಗೆ 14, ಹತ್ತರಿಂದ ಇಪ್ಪತ್ತು ಲಕ್ಷದವರೆಗೆ 17, ಅದಕ್ಕೂ ಮೇಲೆ 18. ಅದರ ಮೇಲೆ ಸೆಸ್. 8,40,000ಕ್ಕೆ ಶೇಕಡಾ 14 ಎಂದರೆ 1,17,600. ಸೆಸ್, 600 ರೂಪಾಯಿ ನೋಂದಣಿ ಶುಲ್ಕ, ಸಾಲವಿದ್ದರೆ ಅದನ್ನು ಆರ್‌ಸಿಯಲ್ಲಿ (ನೋಂದಣಿ ಪತ್ರ) ನಮೂದಿಸಲು 1,500, ಕಾರ್ಡಿನ ಶುಲ್ಕ ಎಲ್ಲವನ್ನೂ ಕೂಡಿಸಿದರೂ ಎರಡನೆಯವರು ಹೇಳಿದ ಮೊತ್ತದ ಆಸುಪಾಸಿಗೇ ಬರುತ್ತದೆ. ಮೊದಲಿನವರ ಹಾಳೆಯಲ್ಲಿದ್ದ ಹೆಚ್ಚಿನ 19,200 ರೂಪಾಯಿ ಯಾವ ಕಚೇರಿಗೂ ಹೋಗುವ ಹಣವಲ್ಲ. ಕೇಳಿದರೆ ‘ಏಜೆಂಟ್ ಖರ್ಚು ಸಾರ್, ಕೆಎ–11 ಬೇಕು ಅಂದ್ರಲ್ಲ, ಮಂಡ್ಯಕ್ಕೆ ಫೈಲ್ ಕಳಿಸಬೇಕು’ ಎಂದರು. ತೆರಿಗೆಯ ರಸೀದಿ ಎಷ್ಟಿದೆಯೋ ಅಷ್ಟನ್ನೇ ಕೊಡುತ್ತೇನೆ ಎಂದಾಗ ಆ ಮಾತು ಅಲ್ಲಿಗೇ ನಿಂತಿತು. ಹ್ಯಾಂಡ್ಲಿಂಗ್ ಎಂಬುದಕ್ಕೂ ಬೇರೆ ಅರ್ಥವಿಲ್ಲ. ಕಾರನ್ನು ಅಂಗಡಿಗೆ ತಂದು ತೊಳೆದು ನಿಲ್ಲಿಸುವ ಖರ್ಚು ಎಕ್ಸ್ ಶೋರೂಮ್ ಬೆಲೆಯಲ್ಲಿಯೇ ಸೇರಿರಬೇಕಾದದ್ದು.

ತೆರಿಗೆಯ ಹಂತದ ಬಗ್ಗೆ ಇನ್ನೊಂದು ಮಾತು. ನಮ್ಮ ಭಾವನವರಿಗೆ ಕಾರು ನೋಡುವಾಗ 9,90,000ದ ಮಾದರಿ ಆರಿಸಿದ್ದೆವು. ‘ಇನ್ನಿಪ್ಪತ್ತು ಸಾವಿರ ಹಾಕಿದ್ರೆ ಸನ್‌ರೂಫ್ ಬರುತ್ತೆ’ ಎಂದರು ಸೇಲ್ಸ್‌ನವರು. ಬೆಲೆ 10,10,000 ಆದ ಕೂಡಲೇ ತೆರಿಗೆ 1,38,600ರಿಂದ 1,71,700ಕ್ಕೆ ಏರುತ್ತದೆ. ಜೊತೆಗೆ ಹತ್ತು ಲಕ್ಷ ದಾಟಿದ ವಾಹನದ ಮೇಲೆ ಶೇಕಡಾ ಒಂದರಷ್ಟು ಟಿಸಿಎಸ್ (ಮಾರುವವರೇ ವಸೂಲು ಮಾಡಿ ನಮ್ಮ ಹೆಸರಿಗೆ ಜಮೆ ಮಾಡುವ ಆದಾಯ ತೆರಿಗೆ) ಕಟ್ಟಬೇಕು. ಟಿಸಿಎಸ್ ಅನ್ನು ಆದಾಯ ತೆರಿಗೆಯ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆ ಮೂವತ್ತಮೂರು ಸಾವಿರ ಮಾತ್ರ ಹೋದದ್ದೇ. ಪ್ರಾಮಾಣಿಕ ಡೀಲರ್ ಇದನ್ನು ತಾನೇ ಹೇಳುತ್ತಾನೆ.

ಮಂಡ್ಯದವರಿಗೆ ಹೇಳಲೇಬೇಕಾದ ಸಂಗತಿಯೊಂದಿದೆ. ಕೆಲವು ಕಂಪನಿಗಳು ರೈತರಿಗೆ, ಗ್ರಾಮೀಣ ಗಿರಾಕಿಗಳಿಗೆ, ಸರ್ಕಾರಿ ಮತ್ತು ಸಹಕಾರಿ ನೌಕರರಿಗೆ ಬೇರೆಯದೇ ರಿಯಾಯಿತಿ ಇಟ್ಟಿರುತ್ತವೆ. ಎರಡನೆಯ ಅಂಗಡಿಯವರು ‘ಪಹಣಿ ನಿಮ್ಮ ಹೆಸರಲ್ಲಿದೆಯಾ, ಇಲ್ಲಾಂದ್ರೆ ಸಂಘದ ಐಡಿ ಕಾರ್ಡ್ ಕೊಡಿ’ ಎಂದು ತಾವಾಗಿಯೇ ಕೇಳಿದರು. ಮೊದಲಿನವರೂ ಪಹಣಿಯ ನಕಲು ಕೇಳಿದ್ದರು, ಆದರೆ ಏತಕ್ಕೆ ಎಂದು ಹೇಳಿರಲಿಲ್ಲ, ಹಾಳೆಯಲ್ಲಿ ಅಂಥ ರಿಯಾಯಿತಿಯ ಸಾಲೂ ಇರಲಿಲ್ಲ. ಕಾಗದ ತೆಗೆದುಕೊಂಡವರು ಅದರಿಂದ ಏನು ಸಿಗುತ್ತದೆಂದು ಬರೆದುಕೊಡಬೇಕು ಎನ್ನುವುದು ನನ್ನ ಹಟ.

ವಿಮೆಯ ವಿಷಯದಲ್ಲಿ ಜನ ಹೆಚ್ಚು ಹೆದರುತ್ತಾರೆ, ಹೆದರಿಸುವವರೂ ಹೆಚ್ಚು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯದು) 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. 1000ದಿಂದ 1500 ಸಿಸಿವರೆಗಿನ ಕಾರಿಗೆ ಅದರ ಕಂತನ್ನು ಸರ್ಕಾರವೇ 10,640 ಎಂದು ನಿಗದಿ ಮಾಡಿತ್ತು, ಜಿಎಸ್‌ಟಿ ಬೇರೆ. ಆ ಭಾಗ ಎಲ್ಲಿ ಮಾಡಿಸಿದರೂ ಒಂದೇ. ವ್ಯತ್ಯಾಸವೆಲ್ಲ ಸ್ವಂತ ಹಾನಿಯ ಭಾಗದಲ್ಲಿ ಮತ್ತು ಅದಕ್ಕೆ ಜೋಡಿಸುವ ಆಡ್-ಆನ್‌ಗಳಲ್ಲಿ. ಡೀಲರ್ ಬಳಿಯೇ ವಿಮೆ ಮಾಡಿಸಬೇಕೆಂಬ ಕಾನೂನಿಲ್ಲ. ‘ಹೊರಗೆ ಮಾಡಿಸಿದ್ರೆ ನಮ್ಮಲ್ಲಿ ಕ್ಯಾಶ್‌ಲೆಸ್ ಆಗಲ್ಲ’ ಎಂದು, ಅಂದರೆ ರಿಪೇರಿಯ ಬಿಲ್ಲನ್ನು ವಿಮಾ ಕಂಪನಿ ನೇರವಾಗಿ ಕಟ್ಟುವುದಿಲ್ಲವೆಂದು, ಮೊದಲಿನವರು ಹೇಳಿದಾಗ, ವಿಮಾ ಕಂಪನಿಗೆ ಫೋನ್ ಮಾಡಿ ಅದೇ ವರ್ಕ್‌ಶಾಪ್ ಅವರ ಪಟ್ಟಿಯಲ್ಲಿದೆಯೇ ಎಂದು ಕೇಳಿದೆ, ಇತ್ತು. ಎರಡನೆಯವರಂತೂ ‘ಹಳೇ ಕಾರಿಗೆ ಕ್ಲೇಮ್ ಮಾಡಿಲ್ಲ ಅಂದ್ರೆ ಎನ್‌ಸಿಬಿ ಇರುತ್ತಲ್ಲ ಸಾರ್, ಅದನ್ನ ಇದಕ್ಕೆ ಹಾಕಿಸ್ಕೊಳ್ಳಿ’ ಎಂದರು. ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಎಂದರೆ ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ. ಹಳೆಯ ಕಾರು ಮಾರಿದ ದಾಖಲೆ ಕೊಟ್ಟರೆ ವಿಮಾ ಕಂಪನಿ ಎನ್‌ಸಿಬಿ ಪತ್ರ ಕೊಡುತ್ತದೆ. ನನಗಿದ್ದ ಶೇಕಡಾ 50ರ ರಿಯಾಯಿತಿ ಹೊಸ ಕಾರಿನ ಸ್ವಂತ ಹಾನಿಯ ಕಂತಿಗೆ ಅನ್ವಯವಾಗಿ, ಹೊರಗೆ ಮಾಡಿಸಿದ ಪಾಲಿಸಿ 29,500ಕ್ಕೆ ಮುಗಿಯಿತು. ಹೊರಗೆ ಮಾಡಿಸಲು ಚಾಸಿಸ್ ಮತ್ತು ಎಂಜಿನ್ ಸಂಖ್ಯೆ ಬೇಕು. ಅದನ್ನು ಕೊಡದೆ ‘ಇನ್ನೂ ಗಾಡಿ ಅಲಾಟ್ ಆಗಿಲ್ಲ’ ಎಂದು ಕೊನೆಯ ದಿನದವರೆಗೂ ಎಳೆದು, ಆಮೇಲೆ ‘ಇವತ್ತೇ ನಮ್ಮಲ್ಲೇ ಮಾಡಿಸಿಬಿಡಿ’ ಎನ್ನುವುದು ಕೆಲವೆಡೆ ನಡೆಯುವ ತಂತ್ರ.

ಸಾಲದ ಮೇಜಿನ ಬಗ್ಗೆ ಸಂಘದವನಾಗಿ ಬಹಳ ಹೇಳಬಹುದು, ಒಂದಷ್ಟೇ ಹೇಳುತ್ತೇನೆ. ‘ಹತ್ತು ಪರ್ಸೆಂಟ್ ಫ್ಲಾಟ್’ ಎಂದರೆ ಹತ್ತಲ್ಲ. ಸಾಲ ತೀರುತ್ತಾ ಹೋದರೂ ಮೊದಲಿನ ಪೂರ್ತಿ ಅಸಲಿನ ಮೇಲೇ ಬಡ್ಡಿ ಹಾಕುವುದು ಫ್ಲಾಟ್. ಐದು ಲಕ್ಷಕ್ಕೆ ಐದು ವರ್ಷ ಫ್ಲಾಟ್ ಲೆಕ್ಕದಲ್ಲಿ ತಿಂಗಳಿಗೆ 12,500 ಕಂತು ಬರುತ್ತದೆ. ತೀರಿಸುತ್ತಾ ಹೋದಂತೆ ಇಳಿಯುವ ಅಸಲಿನ ಮೇಲೆ ನೋಡಿದರೆ ಅದು ಶೇಕಡಾ 17ನ್ನೂ ದಾಟುವ ಬಡ್ಡಿ. ನಾನು ಸಂಬಳದ ಖಾತೆಯಿರುವ ಬ್ಯಾಂಕಿನಿಂದಲೇ ಸಾಲ ಮಂಜೂರು ಮಾಡಿಸಿಕೊಂಡು ಹೋದೆ.

ಬುಕಿಂಗ್ ಹಣ ಅಂಗಡಿಯ ಖಾತೆಗೇ ಹೋಗಬೇಕು, ರಸೀದಿಯಲ್ಲಿ ಅಂಗಡಿಯ ಹೆಸರು, ಮಾದರಿ, ಬಣ್ಣ, ರದ್ದು ಮಾಡಿದರೆ ಹಿಂತಿರುಗಿಸುವ ಷರತ್ತು ಇರಬೇಕು. ನಮ್ಮ ಸಂಘದ ಸಹೋದ್ಯೋಗಿಯೊಬ್ಬರು ಬೇರೊಂದು ಕಡೆ ಸೇಲ್ಸ್‌ನವನ ಸ್ವಂತ ಮೊಬೈಲ್ ಸಂಖ್ಯೆಗೆ ಹಣ ಹಾಕಿದ್ದರು. ಆತ ಕೆಲಸ ಬಿಟ್ಟ ಮೇಲೆ ಅಂಗಡಿಯವರು ‘ನಮಗೆ ಬಂದಿಲ್ಲ’ ಎಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾಗಿ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದ ನಂತರ ಹಣ ವಾಪಸು ಬಂತು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಪಡೆಯುವಂತೆಯೂ ಇಲ್ಲ. ಕಬ್ಬಿನ ಹಣ ಕೈಗೆ ಬಂದ ರೈತರನ್ನು ‘ಕ್ಯಾಶ್ ಕೊಟ್ರೆ ಇನ್ನಷ್ಟು ಬಿಡ್ತೀವಿ’ ಎಂದು ಎಳೆಯುವವರನ್ನು ದೂರವಿಡುವುದು ಲೇಸು.

ಉಳಿದ ಹಣ ಕಟ್ಟುವ ಮೊದಲು, ನೋಂದಣಿಗೆ ಕಳುಹಿಸುವ ಮೊದಲು, ಕಾರನ್ನು ಯಾರ್ಡ್‌ನಲ್ಲಿಯೇ ಹಗಲು ಬೆಳಕಿನಲ್ಲಿ ನೋಡಬೇಕು. ನೋಂದಣಿಯಾದ ಮೇಲೆ ಆ ಕಾರು ನಿಮ್ಮದೇ. ನನಗೆ ಮೊದಲು ತೋರಿಸಿದ ಕಾರಿನ ಟೈರುಗಳ ಮೇಲೆ ನಾಲ್ಕರಲ್ಲಿ ಮೂರಕ್ಕೆ 1424 ಎಂದಿತ್ತು, ಅಂದರೆ 2024ರ ಹದಿನಾಲ್ಕನೆಯ ವಾರ. ಹಿಂದಿನ ಎಡಗಡೆಯದಕ್ಕೆ ಮಾತ್ರ ಬೇರೆ ವಾರ. ಅದೊಂದೇ ಆಗಿದ್ದರೆ ಬಿಡಬಹುದಿತ್ತು. ಆ ಕಡೆಯ ಬಾಗಿಲು ತೆರೆದು ರಬ್ಬರ್ ಬೀಡಿಂಗನ್ನು ಉಗುರಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿದಾಗ, ಕಪ್ಪು ರಬ್ಬರಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಬಣ್ಣ ಕಂಡಿತು. ಕಾರ್ಖಾನೆಯಲ್ಲಿ ಬಣ್ಣವಾದ ಮೇಲೆ ಬೀಡಿಂಗ್ ಕೂರಿಸುತ್ತಾರೆ. ಅದರ ಮೇಲೆ ಬಣ್ಣ ಬಿದ್ದಿದೆಯೆಂದರೆ ಆಮೇಲೆ ಯಾರೋ ಮತ್ತೆ ಸಿಂಪಡಿಸಿದ್ದಾರೆ. ಸಾಗಣೆಯಲ್ಲಿ ತಗುಲಿರಬಹುದು. ಇದು ನಾನು ಕಾರು ಕೊಳ್ಳಲು ಆರಿಸಿಕೊಂಡ ಎರಡನೆಯ, ಪ್ರಾಮಾಣಿಕ ಅಂಗಡಿಯ ಯಾರ್ಡ್‌ನಲ್ಲೇ ನಡೆದದ್ದು ಎಂಬುದನ್ನು ಹೇಳಬೇಕು. ಆ ಹಿರಿಯರು ಬಗ್ಗಿ ನೋಡಿ, ಒಂದು ನಿಮಿಷ ಸುಮ್ಮನಿದ್ದು, ‘ಇದು ಬೇಡ ಸಾರ್, ಬೇರೆ ಚಾಸಿಸ್ ಹಾಕಿಸ್ತೀನಿ, ನಾಲ್ಕು ದಿನ ತಡ ಆಗುತ್ತೆ’ ಎಂದರು. ಹೊಸದಾಗಿ ಬಂದ ಕಾರಿನ ಚಾಸಿಸ್ ಸಂಖ್ಯೆ, ಇನ್‌ವಾಯ್ಸ್ ಮತ್ತು ನಮೂನೆ 21ರಲ್ಲಿ (ಮಾರಾಟದ ಪ್ರಮಾಣಪತ್ರ) ಬರೆಯುವ ತಯಾರಿಕೆಯ ತಿಂಗಳು ತಾಳೆಯಾದ ಮೇಲೆ ಹಣ ಕಟ್ಟಿದೆ. ಈಗ ಕೊಳ್ಳುವವರು ಜಿಎಸ್‌ಟಿಯ ಸಾಲನ್ನೂ ನೋಡಬೇಕು; 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳಿಗೆ ಅದು ಶೇಕಡಾ 18ಕ್ಕೆ ಇಳಿದಿದೆ.

ಹಳೆಯ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಟ್ಟದ್ದೂ ಅಲ್ಲಿಯೇ. ಮೊದಲಿನ ಅಂಗಡಿಯವರು ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಖಾಲಿ ಬಿಟ್ಟು ಸಹಿ ಕೇಳಿದ್ದರು. ಕೊಳ್ಳುವವರ ಹೆಸರು ಆಮೇಲೆ ತುಂಬುತ್ತಾರಂತೆ. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. 2023ರ ಏಪ್ರಿಲ್‌ನಿಂದ ಹಳೆಯ ವಾಹನಗಳ ವ್ಯಾಪಾರಿಗೆ ಆರ್‌ಟಿಓ ಅನುಮತಿ ಪತ್ರ ಬೇಕು. ಅಂಥವರಿಗೆ ಕಾರು ಒಪ್ಪಿಸಿದ್ದನ್ನು ಆನ್‌ಲೈನ್‌ನಲ್ಲಿ ತಿಳಿಸಿದರೆ ಅಲ್ಲಿಂದ ಮುಂದೆ ಜವಾಬ್ದಾರಿ ಅವರದು. ಎರಡನೆಯವರಲ್ಲಿ ಆ ಪತ್ರವಿತ್ತು, ಗೋಡೆಗೆ ತೂಗುಹಾಕಿದ್ದರು. ಒಪ್ಪಿಸಿದ ದಿನಾಂಕ, ಗಂಟೆ, ಮೀಟರಿನ ಕಿಲೋಮೀಟರ್ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಮಾಡಿದೆವು. ಆರ್‌ಸಿ ವರ್ಗಾವಣೆ ಮಾತ್ರ ಅವರು ಹೇಳಿದ್ದಕ್ಕಿಂತ ಬಹಳ ತಡವಾಯಿತು. ಪ್ರತಿ ಸೋಮವಾರ ಫೋನ್ ಮಾಡಿ ಕೇಳುತ್ತಿದ್ದೆ, ಅವರೂ ಪ್ರತಿ ಸಲ ಫೋನ್ ಎತ್ತುತ್ತಿದ್ದರು. ಹೊಸ ಮಾಲೀಕರ ಹೆಸರಿಗೆ ವರ್ಗವಾದ ಸಂದೇಶ ಬಂದ ದಿನ ಅದರ ಪ್ರಿಂಟ್ ತೆಗೆಸಿ, ಡೆಲಿವರಿ ನೋಟಿನ ಜೊತೆ ಪಿನ್ ಹಾಕಿ ಇಟ್ಟುಕೊಂಡಿದ್ದೇನೆ.