ಬೆಳಗಿನ ನಾಲ್ಕು ನಿಮಿಷದ ಮಿಸ್ಸಿಂಗ್

ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಗಾಡಿ, ಒಳಗೆ ಹೋಗುವ ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಎಂಜಿನ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮೊದಲ ನಾಲ್ಕು ನಿಮಿಷ ಮಿಸ್ಸಿಂಗ್. ಸ್ಟೀರಿಂಗ್ ನಡುಗುತ್ತಿತ್ತು, ಆರ್‌ಪಿಎಂ ಮುಳ್ಳು 700ಕ್ಕೂ 1200ಕ್ಕೂ ಜೀಕುತ್ತಿತ್ತು. ಬಿಸಿಯಾದ ಮೇಲೆ ಬೆಣ್ಣೆ. ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟರಲ್ಲೇ ಕಾದಿರುತ್ತದೆ, ಅಲ್ಲಿ ಹುಡುಕಿದರೆ ರೋಗವೇ ಇಲ್ಲ. "ಹಳೇ ಗಾಡಿ ಸಾರ್, ಇಷ್ಟಾದ್ರೂ ಇರುತ್ತೆ" ಎಂಬ ಸಮಾಧಾನ ಮಾತ್ರ ಸಿಗುತ್ತಿತ್ತು.

ಮೊದಲು ಸುರಿದ ದುಡ್ಡೆಲ್ಲ ದಂಡ. ಪ್ಲಗ್ ಸೆಟ್ ಹೊಸದು. ಪಿ0303 (ಮೂರನೇ ಸಿಲಿಂಡರ್ ಮಿಸ್ಸಿಂಗ್ ಎನ್ನುವ ಕೋಡ್) ಬಂತೆಂದು ಮೂರನೇ ಸಿಲಿಂಡರಿಗೆ ಕಾಯಿಲ್ ಹೊಸದು. ಒಂದನೆಯದರ ಜತೆ ಅದಲುಬದಲು ಮಾಡಿ ನೋಡುವ ಐದು ನಿಮಿಷದ ಕೆಲಸವನ್ನು ಕೊಂಡ ಮೇಲೆ ಮಾಡಿದೆ. ಕೋಡ್ ಮೂರರಲ್ಲೇ ಕೂತಿತ್ತು. ಥ್ರಾಟಲ್ ಬಾಡಿ, ಐಡಲ್ ವಾಲ್ವ್ ತೊಳೆದೆ. ನಂತರ ಇಂಜೆಕ್ಟರ್ ಬಿಚ್ಚಿ ಕ್ಲೀನ್ ಮಾಡಿಸಿದೆ, ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ. ವಾಪಸ್ ಕೂರಿಸಿದ ಮೇಲೆ ನಡುಕ ಇನ್ನೂ ಜಾಸ್ತಿಯಾಯಿತು. ಆಗಲೇ ಹೊಳೆಯಬೇಕಿತ್ತು, ನನ್ನ ಮಂಡೆಗೆ ಹೊಳೆಯಲಿಲ್ಲ.

ಗೆಳೆಯನೊಬ್ಬ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಸಿಲಿಂಡರಿಗೆ ಸೋರುತ್ತಿದೆ ಎಂದು ಪಟ್ಟು ಹಿಡಿದ. ರಾತ್ರಿ ಕೂಲಂಟ್ ಸಿಸ್ಟಮ್‌ಗೆ ಪ್ರೆಶರ್ ಕೊಟ್ಟಿಟ್ಟು ಬೆಳಿಗ್ಗೆ ಮೂರನೇ ಪ್ಲಗ್ ಬಿಚ್ಚಿದೆ. ಖಟಖಟ ಒಣಗಿತ್ತು. ಅವನು ಒಪ್ಪಲಿಲ್ಲ, ಹೆಡ್ ಇಳಿಸು ಅಂತಲೇ ಅಂದ.

ಅಲ್ಲಿಂದ ಒಂದು ಪಟ್ಟು ನಾನೂ ಹಿಡಿದೆ: ರಾತ್ರಿಯಿಡೀ ನಿಂತ ಗಾಡಿಯ ಮೇಲೆ ಮಾತ್ರ ಪರೀಕ್ಷೆ, ದಿನಕ್ಕೆ ಒಂದೇ. ಹೀಗೆ ಮಾಡಿದರೆ ತಿಂಗಳು ಹಿಡಿಯುತ್ತೆ ಎಂದು ನಕ್ಕವರಿದ್ದಾರೆ. ಹಿಡಿದದ್ದು ಹತ್ತೋ ಹನ್ನೊಂದೋ ದಿನ.

ಮೊದಲ ದಿನ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಸ್ಕ್ಯಾನರ್ ನೋಡಿದೆ. ಕೂಲಂಟ್ 22, ಒಳಗಾಳಿ 23 ಡಿಗ್ರಿ. ಎರಡೂ ಹೊಂದುತ್ತಿವೆ, ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಮರುದಿನ ನನಗೆ ತುಂಬ ಖುಷಿ ಕೊಟ್ಟ ಆಟ: ಕೂಲಂಟ್ ಸೆನ್ಸರಿನ ಕನೆಕ್ಟರ್ ಕಿತ್ತು ಅಲ್ಲಿ ತಿರುಗಿಸಿ ರೆಸಿಸ್ಟೆನ್ಸ್ ಬದಲಿಸುವ 10 ಕಿಲೋಓಮ್ ಪೊಟೆನ್ಶಿಯೋಮೀಟರ್ ಸಿಕ್ಕಿಸಿದೆ. 22 ಡಿಗ್ರಿಗೆ ಇರಬೇಕಾದದ್ದು ಸುಮಾರು 2.3 ಕಿಲೋಓಮ್. ಅದನ್ನು ನಿಧಾನಕ್ಕೆ 4ರ ಹತ್ತಿರ ತಿರುಗಿಸಿದಾಗ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಎಂಜಿನ್ ಒಂಬತ್ತು ಡಿಗ್ರಿಯಲ್ಲಿದೆ ಎಂಬ ಭ್ರಮೆ, ಪೆಟ್ರೋಲ್ ಜಾಸ್ತಿ ಸುರಿಯಿತು, ನಡುಕ ಮುಕ್ಕಾಲು ಪಾಲು ಇಳಿಯಿತು. ಅಂದರೆ ಲೀನ್: ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. (ಎರಡು ನಿಮಿಷಕ್ಕೆ ನಿಲ್ಲಿಸಿ. ಎಂಜಿನ್ ಕಾದರೂ ಫ್ಯಾನ್ ತಿರುಗುವುದಿಲ್ಲ, ಇಸಿಯು ಚಳಿಗಾಲದಲ್ಲೇ ಇರುತ್ತದೆ.)

ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಮ್ಮಿ ಮಾಡುತ್ತಿದೆ ಎಂದು ತೋರಿಸುವ ಟ್ರಿಮ್ ಕೂಡ ಅದನ್ನೇ ಕೂಗಿ ಹೇಳುತ್ತಿತ್ತು, ನೋಡಿರಲಿಲ್ಲ. ಬಿಸಿ ಐಡಲ್‌ನಲ್ಲಿ ಲಾಂಗ್ ಟರ್ಮ್ +9, 2500 ಆರ್‌ಪಿಎಂನಲ್ಲಿ +2. ಐಡಲ್‌ನಲ್ಲೇ ಹೆಚ್ಚು ಎಂದರೆ ಮಾಫ್ ಲೆಕ್ಕಕ್ಕೆ ಸಿಗದ ಗಾಳಿಯನ್ನು ಎಲ್ಲೋ ಎಳೆಯುತ್ತಿದೆ. ಆಕ್ಸಿಜನ್ ಸೆನ್ಸರ್ ಕಾದ ಮೇಲೆ ಇಸಿಯು ಅದನ್ನು ಮುಚ್ಚಿಹಾಕುತ್ತಿತ್ತು, ಅಷ್ಟೆ.

"ಸ್ಮೋಕ್ ಟೆಸ್ಟ್ ಆಗಿದೆಯಲ್ಲ, ಏನೂ ಬರಲಿಲ್ಲವಲ್ಲ" ಎಂದವರಿದ್ದರು. ಗಾಳಿಯ ದಾರಿಗೆ ಹೊಗೆ ತುಂಬಿ ಎಲ್ಲಿ ಸೋರುತ್ತದೆಂದು ನೋಡುವ ಪರೀಕ್ಷೆ ಅದು. ಆಗಿತ್ತು, ಕಾದ ಎಂಜಿನ್ ಮೇಲೆ. ನಾನು ಹಳೆಯ ಡಬ್ಬಿಯಲ್ಲಿ ಹೊಗೆಯಂತ್ರ ಮಾಡಿಕೊಂಡೆ. ಒತ್ತಡ ಒಂದು ಪಿಎಸ್‌ಐ ದಾಟಬಾರದು. ಹೊಗೆ ದಟ್ಟವಾಗಿ ಬರಲು ಬತ್ತಿಗೆ ಏನು ಹಾಕಿದೆ ಎಂಬುದು ನನ್ನ ಹತ್ತಿರವೇ ಇರಲಿ. ಬೆಳಿಗ್ಗೆ, ಕೀ ಕೂಡ ಮುಟ್ಟದೆ, ಟಾರ್ಚ್ ಹಿಡಿದು ಕೂತೆ. ಆರೇಳು ನಿಮಿಷದ ಮೇಲೆ ಮೂರನೇ ಇಂಜೆಕ್ಟರ್ ಬುಡದಿಂದ ಊದುಬತ್ತಿಯಷ್ಟು ಸಣ್ಣ ಎಳೆ ಎದ್ದಿತು.

ಕೂದಲು ಒಣಗಿಸುವ ಡ್ರೈಯರ್ ತಂದು ಅಲ್ಲಿಗೇ ಬಿಸಿ ಗಾಳಿ ಊದಿದೆ. ನಾಲ್ಕು ನಿಮಿಷಕ್ಕೆ ಎಳೆ ನಿಂತುಹೋಯಿತು! ಆರಲು ಬಿಟ್ಟೆ, ಮತ್ತೆ ಎದ್ದಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ, ಯಾರಿಗೂ ನನ್ನಷ್ಟು ಸಂತೋಷವಾಗಲಿಲ್ಲ.

ಇಂಜೆಕ್ಟರ್ ಬುಡದಲ್ಲಿ ಗಾಳಿ ತಡೆಯುವ ರಬ್ಬರ್ ಬಳೆ, ಕೆಳಗಿನ ಓ-ರಿಂಗ್. ಕಾದರೆ ಹಿಗ್ಗಿ ಸಂದನ್ನು ಬಹುಪಾಲು ಮುಚ್ಚುತ್ತಿತ್ತು. ಇಂಜೆಕ್ಟರ್ ಕ್ಲೀನ್ ಮಾಡಿಸಿದಾಗ ಹಳೆಯವೇ ಚೆನ್ನಾಗಿವೆ ಎಂದು ವಾಪಸ್ ಹಾಕಿದ್ದು ನಾನೇ. ತೆಗೆದರೆ ಪ್ಲಾಸ್ಟಿಕ್ ಬಳೆಯ ಹಾಗೆ ಗಡುಸು, ಮೂರನೆಯದು ಚಪ್ಪಟೆ. ನಾಲ್ಕೂ ಹೊಸ ರಿಂಗಿನ ಬೆಲೆ ಒಂದು ಪ್ಲಗ್ಗಿನಷ್ಟೂ ಇಲ್ಲ. ಅಷ್ಟು ಹೊತ್ತಿಗೆ ನಾನು ಸುರಿದದ್ದು ಅದರ ನಲವತ್ತು ಪಟ್ಟಾದರೂ ಆದೀತು. ಎಂಜಿನ್ ಆಯಿಲ್ ಸವರಿ ಕೂರಿಸಿದೆ.

ಮರುದಿನ ಬೆಳಿಗ್ಗೆ ಮುಳ್ಳು 1200ರಲ್ಲಿ ಕೂತು, ಬಿಸಿಯಾಗುತ್ತ ನಿಧಾನಕ್ಕೆ 800ಕ್ಕೆ ಇಳಿಯಿತು. ಎರಡು ವಾರದ ನಂತರ ಐಡಲ್ ಟ್ರಿಮ್ +1 ಅಥವಾ 2. ಹೆಡ್ ಗ್ಯಾಸ್ಕೆಟ್ ಗೆಳೆಯ ತನ್ನ ಗಾಡಿಗೆ ಹೊಗೆಡಬ್ಬಿ ಕೇಳಿಕೊಂಡು ಬಂದ. ಡಬ್ಬಿ ಕೊಟ್ಟೆ, ಬತ್ತಿ ಕೊಡಲಿಲ್ಲ.