ಬ್ರಿಟನ್ನಿನ ಎರಡು ಕ್ಯಾಪ್: ನಿಮ್ಮ ದುಡ್ಡಿಗೆ ಕತ್ತರಿ ಹಾಕುವುದು ಯಾವುದು?

ಹೋದ ವಾರ ಮಂಡ್ಯದ ನಮ್ಮ ಮನೆಗೆ ಲೆಸ್ಟರ್‌ನಿಂದ ಅಕ್ಕನ ಮಗಳ ಫೋನ್ ಬಂತು. ಗಂಡನ ಕೆಲಸ ಹೋಗಿದೆ. ಇಬ್ಬರು ಮಕ್ಕಳು, ಬಾಡಿಗೆ ಮನೆ. "ಚಿಕ್ಕಮ್ಮ, ವೆಲ್ಫೇರ್‌ಗೆ ಕ್ಯಾಪ್ ಹಾಕಿದ್ದಾರಂತೆ. ನಮ್ಮ ದುಡ್ಡು ನಿಂತುಹೋಗುತ್ತಾ?" ಅಂದಳು. ನಾನೂ ಅಲ್ಲಿ ಹನ್ನೆರಡು ವರ್ಷ ಇದ್ದು ಬಂದವಳು. ಆ ಭಯ ನನಗೆ ಗೊತ್ತು.

ಕ್ಯಾಪ್ ಎರಡು ಇವೆ. ವೆಲ್ಫೇರ್ ಕ್ಯಾಪ್ ಅನ್ನು 2014ರಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ತಂದರು. ಅದು ಭತ್ಯೆಗಳಿಗೆ ಸರ್ಕಾರ ಮಾಡುವ ಒಟ್ಟು ಖರ್ಚಿನ ಮಿತಿ. ಸರ್ಕಾರಿ ಪಿಂಚಣಿ ಅದರಲ್ಲಿ ಸೇರುವುದಿಲ್ಲ. ಮಿತಿ ಮೀರಿದರೆ ಸರ್ಕಾರ ಪಾರ್ಲಿಮೆಂಟಿಗೆ ಉತ್ತರ ಹೇಳಬೇಕು. ನಿಯಮ ಬಿಗಿ ಮಾಡುವ ಒತ್ತಡ ಬರಬಹುದು, ಆದರೆ ನಿಮ್ಮ ಖಾತೆಯ ದುಡ್ಡು ತಾನಾಗಿ ಇಳಿಯುವುದಿಲ್ಲ. ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ ಅನ್ನೋದು ಒಂದು ಲೆಕ್ಕ, ನಮ್ಮ ಗದ್ದೆ ತೂಬಿಗೆ ಎಷ್ಟು ಬರುತ್ತೆ ಅನ್ನೋದು ಇನ್ನೊಂದು, ಅಲ್ವಾ?

ತೂಬಿಗೇ ಹಲಗೆ ಇಡುವುದು ಬೆನಿಫಿಟ್ ಕ್ಯಾಪ್, ಅಂದರೆ ಒಂದು ಮನೆಗೆ ಸಿಗುವ ಒಟ್ಟು ಭತ್ಯೆಯ ಮಿತಿ. ಇದು 2013ರಿಂದ ಇದೆ. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಮಿತಿ ಹೀಗಿದೆ: ಗಂಡ ಹೆಂಡತಿ ಅಥವಾ ಮಕ್ಕಳಿರುವ ಮನೆಗೆ ಲಂಡನ್ನಿನಲ್ಲಿ ವರ್ಷಕ್ಕೆ 25,323 ಪೌಂಡ್, ಹೊರಗೆ 22,020. ಅಂದರೆ ಲೆಸ್ಟರ್‌ನಲ್ಲಿ ತಿಂಗಳಿಗೆ 1,835. ಮಕ್ಕಳ ಭತ್ಯೆಯೂ ಸೇರಿ ಲೆಕ್ಕ 2,100 ಬಂದರೆ, ಕಡಿಮೆ ಆದಾಯದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಯೂನಿವರ್ಸಲ್ ಕ್ರೆಡಿಟ್‌ನಿಂದ 265 ಪೌಂಡ್ ಮುರಿದುಕೊಳ್ಳುತ್ತಾರೆ. ಬಾಡಿಗೆ ಮಾತ್ರ ಹಾಗೇ ಇರುತ್ತದೆ. ನನಗೆ ಸಂಕಟವಾಗುವುದು ಇಲ್ಲೇ. ಬಾಡಿಗೆ ಜಾಸ್ತಿ ಇರುವ ಊರಿನ, ಮಕ್ಕಳಿರುವ ಮನೆಗೇ ಪೆಟ್ಟು ಬೀಳುತ್ತದೆ.

ಸುಮ್ನೆ ಒಪ್ಪಿಕೊಳ್ಳಬೇಡಿ, ವಿನಾಯಿತಿ ನೋಡಿ. ನಿಮಗೆ, ನಿಮ್ಮ ಗಂಡ ಅಥವಾ ಹೆಂಡತಿಗೆ, ಇಲ್ಲವೇ ನಿಮ್ಮ ಚಿಕ್ಕ ಮಕ್ಕಳಿಗೆ ಅಂಗವಿಕಲರ ಭತ್ಯೆ ಬರುತ್ತಿದ್ದರೆ ಅಥವಾ ನೀವು ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ಕೊಡುವ ಕೇರರ್ಸ್ ಅಲೋಯನ್ಸ್ ಪಡೆಯುತ್ತಿದ್ದರೆ ಈ ಮಿತಿ ಇಲ್ಲ. ಗಂಡ ಹೆಂಡತಿ ಇಬ್ಬರ ದುಡಿಮೆ ಸೇರಿ ತಿಂಗಳಿಗೆ 846 ಪೌಂಡ್ ಕೈಗೆ ಬಂದರೂ ಇಲ್ಲ. ಇದು 2025ರ ಏಪ್ರಿಲ್‌ನ ಅಂಕಿ, ಪ್ರತಿ ಏಪ್ರಿಲ್‌ಗೂ ನೋಡಿಕೊಳ್ಳಿ. ಕೆಲಸ ಹೋಗುವ ಮುಂಚಿನ 12 ತಿಂಗಳೂ ಅಷ್ಟು ದುಡಿದಿದ್ದರೆ ಒಂಬತ್ತು ತಿಂಗಳು ಕ್ಯಾಪ್ ಹಾಕುವಂತಿಲ್ಲ.

ಒಂದು ಎಚ್ಚರಿಕೆ. ವೀಸಾದಲ್ಲಿ 'ನೋ ಪಬ್ಲಿಕ್ ಫಂಡ್ಸ್' (ಸರ್ಕಾರಿ ಭತ್ಯೆ ಪಡೆಯುವಂತಿಲ್ಲ) ಅಂತ ಇದ್ದರೆ, ಪಕ್ಕದ ಮನೆಯವರು ಹೇಳಿದರು ಅಂತ ಅರ್ಜಿ ಹಾಕಬೇಡಿ. ಮುಂದೆ ವೀಸಾಕ್ಕೇ ಕುತ್ತು. ನಮ್ಮ ಹುಡುಗಿಗೆ ಕಾಯಂ ವಾಸದ ಅನುಮತಿ ಇದೆ, ಆ ಚಿಂತೆ ಇಲ್ಲ.

ಅವಳ ಗಂಡನ ಕೆಲಸ ಹೋಗಿ ಎರಡು ತಿಂಗಳು. ಆ 12 ತಿಂಗಳ ದುಡಿಮೆ ತೋರಿಸಿದರೆ, ಕ್ಯಾಪ್ ಬೀಳಲು ಇನ್ನೂ ಏಳು ತಿಂಗಳಿದೆ. ಹಳೇ ಸಂಬಳದ ಚೀಟಿಗಳನ್ನೆಲ್ಲ ಹುಡುಕಿ ತೆಗೆದಿಡು ಅಂತ ಹೇಳಿದ್ದೇನೆ.