ಮಳೆ ಸದ್ದಿಗೆ ಬೆಚ್ಚುವವರಿಗೆ ಯೋಗ ಹೇಳಿಕೊಡುವಾಗ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದನ್ನು ಕಣ್ಣಾರೆ ಕಂಡವರು ಕೊಡಗಿನ ಯಾವ ಯೋಗ ತರಗತಿಯಲ್ಲೂ ಇರಬಹುದು. ಮನೆಯೊಳಗೇ ಏಟು ತಿಂದವರೂ ಇರಬಹುದು. ಯಾರು, ಏನಾಯಿತು ಎಂದು ವಿಚಾರಿಸಬೇಡಿ. ಎಲ್ಲರಿಗೂ ಒಂದೇ ರೀತಿ ಕಲಿಸಿ. ಊರು ಚಿಕ್ಕದು, ಎಲ್ಲರೂ ಎಲ್ಲರಿಗೂ ನೆಂಟರು. ತರಗತಿಯಲ್ಲಿ ಯಾರೋ ಅತ್ತ ಸುದ್ದಿ ಸಂತೆಗೆ ಮುಟ್ಟಿದರೆ ಮರುದಿನ ಅವರು ಬರುವುದಿಲ್ಲ.

ಶೀಟು ಹೊದಿಸಿದ ಹಾಲ್ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕೂಗಿಯೇ ಹೇಳಬೇಕಾಗುತ್ತದೆ, ಕೂಗಿದರೆ ಬೆಚ್ಚುವವರು ಇನ್ನಷ್ಟು ಬೆಚ್ಚುತ್ತಾರೆ. ಹೆಂಚಿನದೋ ತಾರಸಿಯದೋ ಕೋಣೆ ಹುಡುಕಿ. ಬಾಗಿಲಿಗೆ ಚಿಲಕ ಹಾಕಬೇಡಿ. ಕೂತ ಕಡೆಯಿಂದ ಬಾಗಿಲು ಕಾಣಬೇಕು. ಮ್ಯಾಟ್‌ಗಳ ನಡುವೆ ಮೂರಡಿ ಬಿಡಿ. ಪ್ರತಿಯೊಬ್ಬರಿಗೂ ಒಂದು ಅಲುಗಾಡದ ಕುರ್ಚಿ ಇರಲಿ. ಕರೆಂಟು ಹೋಗುವುದು ಹೇಗೂ ಗ್ಯಾರಂಟಿ, ಚಾರ್ಜ್ ಮಾಡಿದ ಲ್ಯಾಂಪ್ ಮೊದಲೇ ಉರಿಯುತ್ತಿರಲಿ. 45 ನಿಮಿಷ ಎಂದಿದ್ದರೆ 45ಕ್ಕೇ ಮುಗಿಸಿ.

ನಿಜವಾದ ಕಷ್ಟ ಇರುವುದು ಮಾತಿನಲ್ಲಿ. ನಮ್ಮ ತರಗತಿಗಳ ಭಾಷೆ ಪೂರ್ತಿ ಅಪ್ಪಣೆಯದು: ಎತ್ತಿ, ಬಗ್ಗಿ, ಕಣ್ಣು ಮುಚ್ಚಿ, ಸಡಿಲ ಬಿಡಿ. ತನ್ನ ಮೈ ಮೇಲೆ ತನ್ನ ಹಿಡಿತ ತಪ್ಪಿದ್ದೇ ಆಘಾತದ ತಿರುಳಾದ್ದರಿಂದ, ಇಲ್ಲಿ ಆಸನಕ್ಕಿಂತ ಆಯ್ಕೆ ಮುಖ್ಯ. ಹಾಗೆಂದು ‘ಬೇಕಾದರೆ ಮಾಡಿ’ ಎನ್ನಬೇಡಿ. ಕನ್ನಡದಲ್ಲಿ ಅದು ಮುನಿಸಿನ ಮಾತಾಗಿ ಕೇಳುತ್ತದೆ. ‘ಕೈ ಭುಜದವರೆಗೆ ಎತ್ತಬಹುದು, ತೊಡೆಯ ಮೇಲೇ ಇಟ್ಟುಕೊಳ್ಳಲೂಬಹುದು’ ಎಂದು ಎರಡು ದಾರಿ ಕೊಟ್ಟು, ಎರಡನ್ನೂ ನೀವೇ ಮಾಡಿ ತೋರಿಸಿ. ಎರಡೇ ಸಾಕು, ಐದು ಕೊಟ್ಟರೆ ಗಲಿಬಿಲಿ. ‘ಪಾದ ನೆಲಕ್ಕೆ ತಾಗಿರುವುದು ಗೊತ್ತಾಗುತ್ತಿದೆಯೇ?’ ಎಂದು ಕೇಳಿದರೆ, ‘ಗೊತ್ತಾಗದಿದ್ದರೂ ಸರಿ’ ಎಂದು ಸೇರಿಸಿ. ಹಲವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ‘ಶಾಭಾಷ್’ ಕೂಡ ಬೇಡ. ನಿಮ್ಮನ್ನು ಮೆಚ್ಚಿಸಲು ನೋವು ನುಂಗಿ ಬಗ್ಗುವವರಿದ್ದಾರೆ.

ಮುಟ್ಟಿ ತಿದ್ದಬೇಡಿ. ಒಪ್ಪಿಗೆ ಕೇಳಿದರೆ ಆಯಿತಲ್ಲ ಎನ್ನುವವರುಂಟು. ಆದರೆ ಗುರುವಿಗೆ ‘ಬೇಡ’ ಎನ್ನಲು ನಮ್ಮಲ್ಲಿ ಎಷ್ಟು ಜನರಿಗೆ ಬಾಯಿ ಬರುತ್ತದೆ? ಕಲಿಸುವಾಗ ನಿಮ್ಮ ಮ್ಯಾಟ್ ಬಿಟ್ಟು ಏಳಬೇಡಿ, ಬೆನ್ನ ಹಿಂದೆಯಂತೂ ಓಡಾಡಲೇಬೇಡಿ.

ಮೊದಲ ಐದು ನಿಮಿಷ ಕುರ್ಚಿಯಲ್ಲಿ ಕೂತು ಪಾದ ನೆಲಕ್ಕೆ ಒತ್ತುವುದು, ಆಮೇಲೆ ಕುತ್ತಿಗೆ, ಭುಜ. ತಾಡಾಸನ, ವೀರಭದ್ರಾಸನ ಒಳ್ಳೆಯವು: ಕಾಲು ಊರಿ ನಿಂತದ್ದು ಸ್ಪಷ್ಟವಾಗಿ ಅರಿವಿಗೆ ಬರುತ್ತದೆ. ಸೇತುಬಂಧದಂತೆ ಸೊಂಟ ಎತ್ತುವ, ಕಾಲು ಅಗಲಿಸುವ ಭಂಗಿಗಳನ್ನು ಮೊದಲ ವಾರಗಳಲ್ಲಿ ಬಿಡಿ. ಉಸಿರು ಬಿಗಿಹಿಡಿಯುವ ಕುಂಭಕ, ರಭಸದಿಂದ ಉಸಿರಾಡುವ ಭಸ್ತ್ರಿಕಾ, ಕಪಾಲಭಾತಿ ಬೇಡ. ಉಸಿರು ಕಟ್ಟಿದಾಗ, ಎದೆ ಹೊಡೆದುಕೊಂಡಾಗ ಮೈ ಅದನ್ನೇ ಅಪಾಯವೆಂದು ಓದಿಕೊಳ್ಳಬಹುದು. ಶವಾಸನದಲ್ಲಿ ಅಂಗಾತ ಮಲಗಿ ಕಣ್ಣು ಮುಚ್ಚಿದರೆ ಕಿವಿಗೆ ಉಳಿಯುವುದು ಹೊರಗಿನ ಮಳೆಯೊಂದೇ. ಗೋಡೆಗೊರಗಿ, ಕಣ್ಣು ತೆರೆದು ಎರಡು ಮೂರು ನಿಮಿಷ ಕೂರುವ ದಾರಿಯನ್ನೂ ಕೊಡಿ.

ಯಾರಾದರೂ ದಿಟ್ಟಿ ನೆಟ್ಟು ಕಲ್ಲಿನಂತೆ ಕೂತರೆ, ಏದುಸಿರು ಬಿಟ್ಟರೆ, ಸುತ್ತ ಗುಂಪು ಸೇರಲು ಬಿಡಬೇಡಿ. ಎದುರಿನಿಂದಲೇ, ಸ್ವಲ್ಪ ದೂರದಲ್ಲಿ ಕೂತು ಮೆಲ್ಲಗೆ ಅವರ ಹೆಸರು ಹೇಳಿ, ಇದು ಯಾವ ಜಾಗ, ಇವತ್ತು ಯಾವ ವಾರ ಎಂದು ಹೇಳಿ. ಕಣ್ಣಿಗೆ ಬೀಳುವ ಐದು ವಸ್ತು ಹೆಸರಿಸಲು, ಕುರ್ಚಿಯ ಅಂಚು ಹಿಡಿದುಕೊಳ್ಳಲು ಸೂಚಿಸಿ; ನೀರು ಕೊಡಿ. ‘ಏನು ನೆನಪಾಯ್ತು?’ ಎಂದು ಕೆದಕಬೇಡಿ.

2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 64 ಮಹಿಳೆಯರಿದ್ದರು. ವಾರಕ್ಕೊಂದು ಗಂಟೆಯಂತೆ ಹತ್ತು ವಾರ ಇಂಥ ಯೋಗ ಮಾಡಿದವರಲ್ಲಿ ಶೇ. 52ರಷ್ಟು ಮಂದಿಗೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯ (ಪಿಟಿಎಸ್‌ಡಿ) ಮಾನದಂಡ ಅನ್ವಯಿಸದಾಯಿತು. ಆರೋಗ್ಯ ಪಾಠವನ್ನಷ್ಟೇ ಕೇಳಿದವರಲ್ಲಿ ಇದು ಶೇ. 21. ಅಲ್ಲಿ ಯೋಗ ಇದ್ದದ್ದು ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ. ನಿದ್ದೆ ಕೆಟ್ಟವರಿಗೆ, ಸಾಯುವ ಮಾತಾಡುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಒಬ್ಬರನ್ನೇ ಕರೆದು ಕೊಟ್ಟರೆ ಉಳಿದವರ ಕಣ್ಣು ಅತ್ತ ಹೋಗುತ್ತದೆ, ಅದಕ್ಕೇ ಚೀಟಿ ಬರೆದು ಬಾಗಿಲ ಪಕ್ಕ, ಚಪ್ಪಲಿ ಬಿಡುವಲ್ಲಿ ಅಂಟಿಸಿಬಿಡಿ.